ಮನೆಗೂ ಒಂದು ಚಾರ್ಜ್ ಲಿಸ್ಟ್

ಶಾಲೆಯಲ್ಲಿ ಹೆಡ್‌ಮಾಸ್ಟರು ವರ್ಗವಾದರೆ ಸುಮ್ನೆ ಹಾರ ಹಾಕಿಸಿಕೊಂಡು ಹೊರಡುವಂತಿಲ್ಲ. ಚಾರ್ಜ್ ಕೊಡಬೇಕು. ಬೀರುಗಳೆಷ್ಟು, ಕ್ಯಾಶ್ ಬುಕ್ ಎಲ್ಲಿದೆ, ಬಿಸಿಯೂಟದ ಅಕ್ಕಿ, ಬೇಳೆ ಎಷ್ಟು ಉಳಿದಿದೆ, ಎಲ್ಲ ಬರೆದು ಇಬ್ಬರೂ ಸಹಿ ಹಾಕುತ್ತಾರೆ. ಅದಾದ ಮೇಲೆ ಅಕ್ಕಿ ಮುಗಿಯಿತೆಂದು ಹಳೆಯ ಹೆಡ್‌ಮಾಸ್ಟರಿಗೆ ಯಾರೂ ಫೋನ್ ಮಾಡುವುದಿಲ್ಲ. ನಮ್ಮ ಮನೆಯಲ್ಲಿ ನಾನು ಮಾಡಿದ್ದೂ ಇದನ್ನೇ.

ಮನೆ ತುಮಕೂರಿನಲ್ಲಿ. ನಾನು ಗುಬ್ಬಿ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತದ ಟೀಚರ್. ಯಜಮಾನರಿಗೆ ವಸಂತನರಸಾಪುರದ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಕೆಲಸ. ಒಂದು ವಾರ ಬೆಳಗ್ಗೆ, ಒಂದು ವಾರ ಮಧ್ಯಾಹ್ನ, ಒಂದು ವಾರ ರಾತ್ರಿ. ಅತ್ತೆ ನಮ್ಮ ಜೊತೆಗೇ ಇದ್ದಾರೆ, ಮಂಡಿನೋವು. ಮಗಳು ಈಗ ಒಂದನೇ ಕ್ಲಾಸು.

ಹೆರಿಗೆ ರಜೆ 180 ದಿನ. ಅದು ಮುಗಿಯುವ ಹೊತ್ತಿಗೆ ಸರಿಯಾಗಿ ಮಗುವಿಗೆ ಮೇಲಿನ ಆಹಾರ ಶುರುವಾಗುತ್ತದೆ. ರಾಗಿ ಮೊಳಕೆ ಕಟ್ಟಿ, ಒಣಗಿಸಿ, ಹುರಿದು, ಬೀಸಿ, ಬಟ್ಟೆಯಲ್ಲಿ ಜರಡಿ ಹಿಡಿದ ಹಿಟ್ಟನ್ನು ಅತ್ತೆಯೇ ಮಾಡಿಟ್ಟಿದ್ದರು. ರಾಗಿ ಸರಿ ಕಾಸುವುದು ಅವರ ಪಾಲಿಗೆ ಬಂತು. ಜಗಳ ಆಗಿದ್ದು ಎದೆಹಾಲಿನ ವಿಷಯಕ್ಕೆ. ಪಂಪ್‌ನಲ್ಲಿ ತೆಗೆದು ಫ್ರಿಜ್ಜಿನಲ್ಲಿ ಇಟ್ಟು ಹೋಗುತ್ತೇನೆ ಅಂದಾಗ, "ತಂಗಳು ಹಾಲು ಕುಡ್ಸೋದಾ ಮಗೀಗೆ?" ಅಂದರು. ಆರೋಗ್ಯ ಕೇಂದ್ರದ ಸಿಸ್ಟರ್ ಬಂದು ಹೇಳಿದ ಮೇಲೆ ಒಪ್ಪಿದರು. ತೆಗೆದ ಹಾಲು ಹೊರಗಡೆ ತಂಪಾದ ಜಾಗದಲ್ಲಿ ನಾಲ್ಕು ಗಂಟೆ, ಫ್ರಿಜ್ಜಿನಲ್ಲಿ ನಾಲ್ಕು ದಿನದವರೆಗೆ ಇರುತ್ತದೆ. ನಮ್ಮ ಬೇಸಿಗೆಗೆ ನಾಲ್ಕು ಗಂಟೆ ನಂಬಬೇಡಿ, ನೇರ ಫ್ರಿಜ್ಜಿಗೇ ಇಡಿ. ಬಾಗಿಲಲ್ಲಿ ಬೇಡ, ಒಳಗೆ ಹಿಂದಕ್ಕೆ ಇಡಬೇಕು. ಒಲೆ ಮೇಲೆ ಕಾಯಿಸಬಾರದು, ಬಿಸಿನೀರಿನ ಪಾತ್ರೆಯಲ್ಲಿ ಇಟ್ಟರೆ ಸಾಕು. ಬಾಟಲಿ ಬೇಡವೆಂದು ಒಳಲೆಯಲ್ಲೇ ಕುಡಿಸಿದೆವು. ಅದರಲ್ಲಿ ಅತ್ತೆಯದು ಎತ್ತಿದ ಕೈ. ಶಾಲೆಯಲ್ಲಿ ಮಧ್ಯಾಹ್ನ ಹಾಲು ತೆಗೆಯಲು ಲ್ಯಾಬಿನ ಪಕ್ಕದ ಸ್ಟೋರ್ ರೂಮು, ಒಳಗಿನ ಚಿಲಕ, ಹೊರಗೆ ಕಾವಲಿಗೆ ಹಿಂದಿ ಮೇಡಂ.

ಇದೆಲ್ಲ ಹೇಗೋ ನಡೆಯಿತು. ಸುಸ್ತು ಮಾಡಿದ್ದು ಬೇರೆ. ಯಜಮಾನರು ಸೋಮಾರಿಯಲ್ಲ. "ಏನಾದ್ರೂ ತರ್ಬೇಕಾ, ಹೇಳು" ಅನ್ನುತ್ತಿದ್ದರು. ಹೇಳಿದರೆ ತರುತ್ತಿದ್ದರು. ಆದರೆ ಹೇಳಬೇಕು ಅಲ್ವಾ? ಬೋರ್ಡಿನ ಮೇಲೆ ವರ್ಗ ಸಮೀಕರಣ ಬಿಡಿಸುತ್ತಿರುವಾಗ ಸಿಲಿಂಡರ್ ಬುಕ್ ಮಾಡಿಲ್ಲ ಅನ್ನುವುದು ನೆನಪಾಗುತ್ತಿತ್ತು. ಒಂಬತ್ತನೇ ತಿಂಗಳ ದಡಾರ ಲಸಿಕೆ, ಅತ್ತೆಯ ಬಿಪಿ ಮಾತ್ರೆ, ನಲ್ಲಿ ನೀರು ಬರುವ ದಿನ, ಎಲ್ಲ ನನ್ನ ತಲೆಯಲ್ಲೇ. ಕೈಕೆಲಸ ಹಂಚಿಕೊಂಡಿದ್ದೆವು, ನೆನಪಿಟ್ಟುಕೊಳ್ಳುವ ಕೆಲಸ ಹಂಚಿಕೊಂಡಿರಲಿಲ್ಲ.

ಇದನ್ನು ಬಾಯಲ್ಲಿ ಹೇಳಿದರೆ ಜಗಳವಾಗುತ್ತದೆ. ನಾನು ಲೆಕ್ಕದ ಟೀಚರ್, ಲೆಕ್ಕವನ್ನೇ ಮುಂದಿಟ್ಟೆ. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ತಮ್ಮ ಮನೆಯ ಕೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೆ ಕೊಡುತ್ತಾರೆ, ಗಂಡಸರು 97 ನಿಮಿಷ. ಮಕ್ಕಳನ್ನು, ಹಿರಿಯರನ್ನು ನೋಡಿಕೊಳ್ಳುವುದು ಇದರಲ್ಲಿ ಸೇರಿಲ್ಲ. ಅವರು "ನಂದು ತೊಂಬತ್ತೇಳಕ್ಕಿಂತ ಜಾಸ್ತಿನೇ ಇರತ್ತೆ" ಅಂದರು. ಸರಿ, ಬರೆಯೋಣ ಅಂತ ಕ್ಯಾಲೆಂಡರ್ ಹಿಂದೆ ಇಬ್ಬರೂ ಬರೆದೆವು. ನಿಜಕ್ಕೂ ಜಾಸ್ತಿಯೇ ಇತ್ತು. ಆದರೆ ಅವರು ಮಾಡಿದ ಕೆಲಸಗಳಲ್ಲಿ ನಾನು ನೆನಪಿಸದೆ ಮಾಡಿದ್ದಕ್ಕೆ ಟಿಕ್ ಹಾಕಿ ಅಂದಾಗ ಪೆನ್ನು ನಿಂತಿತು.

ಆ ಭಾನುವಾರವೇ ಚಾರ್ಜ್ ಲಿಸ್ಟ್ ಬರೆದದ್ದು. ಒಂದು ನಿಯಮ: ಯಾರಿಗೆ ಚಾರ್ಜೋ ಅದರ ನೆನಪು, ದುಡ್ಡು, ಮಾಡುವ ರೀತಿ ಮೂರೂ ಅವರದ್ದೇ. ಕೊಟ್ಟವರು ಮೂಗು ತೂರಿಸಬಾರದು. ಗ್ಯಾಸು, ಹಾಲು, ದಿನಸಿ, ನೀರು, ಅತ್ತೆಯ ಔಷಧ, ಮಗಳ ಲಸಿಕೆಯ ತಾಯಿ ಕಾರ್ಡು ಅವರಿಗೆ ಹೋದವು. ಅಡುಗೆ, ಮಗಳ ಓದು, ಬ್ಯಾಂಕು ನನಗೆ. ಬಟ್ಟೆ ಮಾತ್ರ ಶಿಫ್ಟ್ ನೋಡಿಕೊಂಡು. ಮಧ್ಯಾಹ್ನದ ಶಿಫ್ಟಿನ ವಾರ ಬೆಳಗ್ಗೆ ಮನೆಯಲ್ಲಿರುತ್ತಾರಲ್ಲ, ಆ ವಾರ ಮಗಳ ಸ್ನಾನ, ಜಡೆ, ತಿಂಡಿ ಡಬ್ಬಿ ಅವರದ್ದು.

ಮೂಗು ತೂರಿಸದೆ ಇರುವುದು ಹೇಳಿದಷ್ಟು ಸುಲಭವಲ್ಲ. ತೊಗರಿಬೇಳೆ ತಂದಿರಲಿಲ್ಲ, ಎರಡು ದಿನ ಹುರುಳಿಕಾಳಿನ ಸಾರಾಯಿತು. ಮೂರನೇ ದಿನ ಬೇಳೆ ಬಂತು. ಜಡೆ ಒಂದು ಕಡೆ ಮೇಲೆ, ಒಂದು ಕಡೆ ಕೆಳಗೆ. ಮಗಳಿಗೆ ಅದೇನೂ ತೊಂದರೆಯಿಲ್ಲ, ನೋಡುವವರಿಗೇ ತೊಂದರೆ. ಅತ್ತೆ ಮೊದಮೊದಲು "ಶಿಫ್ಟ್ ಮುಗಿಸಿ ಬಂದವ್ನು ಕಣಮ್ಮ" ಅನ್ನುತ್ತಿದ್ದರು. "ನಾನೂ ಶಾಲೆ ಮುಗಿಸಿ ಬಂದವಳೇ ಅತ್ತೆ" ಅಂದೆ. ಅಂದು ಸುಮ್ಮನಾದರು. ಈಗ ಮಾತ್ರೆ ಮುಗಿದರೆ ಮಗನನ್ನೇ ಕೂಗುತ್ತಾರೆ.

ಅಡುಗೆಯನ್ನು ನಾನೇ ಇಳಿಸಿದೆ. ಶನಿವಾರ ಬೆಳಗಿನ ಕ್ಲಾಸು, ಮಧ್ಯಾಹ್ನ ಮನೆಯಲ್ಲಿರುತ್ತೇನೆ. ಆಗ ದೋಸೆಗೆ ನೆನೆಹಾಕುವುದು, ಕಾಯಿ ತುರಿದಿಡುವುದು. ರಾತ್ರಿ ಒಂದೇ ಮುದ್ದೆ, ಒಂದೇ ಸಾರು, ಪಲ್ಯ ಕಡ್ಡಾಯವಲ್ಲ. ಅವರೆಕಾಯಿ ಕಾಲದಲ್ಲಿ ಹಿದುಕಿದ ಬೇಳೆ ತಿನ್ನುವ ಆಸೆ ಇದ್ದವರು ಟಿವಿ ಮುಂದೆ ಕೂತು ಹಿದುಕಬೇಕು. ಹಿದುಕದಿದ್ದರೆ ಬರೀ ಕಾಳಿನ ಸಾರು.

ರಜೆಯ ವಿಷಯ ಹೇಳಲೇಬೇಕು, ಗೊತ್ತಿಲ್ಲದ ಸಹೋದ್ಯೋಗಿಗಳು ಇನ್ನೂ ಇದ್ದಾರೆ. ರಾಜ್ಯ ಸರ್ಕಾರಿ ಮಹಿಳಾ ನೌಕರರಿಗೆ 2021ರಿಂದ ಶಿಶುಪಾಲನಾ ರಜೆ ಇದೆ, ಇಡೀ ಸೇವೆಯಲ್ಲಿ ಒಟ್ಟು 180 ದಿನ. ಮಗು ಚಿಕ್ಕದಿರುವಾಗಲೇ ಎಲ್ಲ ಮುಗಿಸಬೇಡಿ. ನಾನು ಮಗಳಿಗೆ ಸೀತಾಳೆ ಸಿಡುಬು (ಚಿಕನ್ ಪಾಕ್ಸ್) ಎದ್ದಾಗ ಸ್ವಲ್ಪ ತೆಗೆದುಕೊಂಡೆ, ಉಳಿದದ್ದು ಹಾಗೇ ಇದೆ. ಅವಳ ಎಸ್‌ಎಸ್‌ಎಲ್‌ಸಿಗೂ ಬೇಕಾಗಬಹುದು. ಯಜಮಾನರಂಥ ಖಾಸಗಿ ನೌಕರರಿಗೆ ಪಿತೃತ್ವ ರಜೆ ಕೊಡಲೇಬೇಕೆಂಬ ಕಾನೂನೇ ಇಲ್ಲ. ಮಗು ಹುಟ್ಟಿದಾಗ ಅವರು ಸಂಬಳ ಕಳೆದುಕೊಂಡು ಮನೆಯಲ್ಲಿದ್ದರು.

ಜನವರಿಯಿಂದ ಮಾರ್ಚ್‌ವರೆಗೆ ಯಾವ ಲಿಸ್ಟೂ ಪೂರ್ತಿ ಕೆಲಸ ಮಾಡುವುದಿಲ್ಲ. ಹತ್ತನೇ ಕ್ಲಾಸಿಗೆ ಸಂಜೆ ವಿಶೇಷ ತರಗತಿ, ಪೂರ್ವಸಿದ್ಧತಾ ಪರೀಕ್ಷೆ, ಮನೆಗೆ ಬರುವಷ್ಟರಲ್ಲಿ ಕತ್ತಲು. ಆ ಮೂರು ತಿಂಗಳು ಅಡುಗೆಗೆ ಪಕ್ಕದ ಬೀದಿಯ ಅಕ್ಕ ಬರುತ್ತಾರೆ, ಅವರ ಸಂಬಳ ಇಬ್ಬರ ದುಡ್ಡಿನಿಂದ. ಉಳಿತಾಯ ಕಮ್ಮಿಯಾಗುತ್ತದೆ, ಆಗಲಿ.

ಈಗ ಬಾಕಿ ಇರುವುದು ಮಗಳ ಶಾಲೆ. ಫಾರಂನಲ್ಲಿ ಮೊದಲ ನಂಬರು ಅಪ್ಪನದ್ದೇ ಬರೆದಿದ್ದೇವೆ. ಆದರೂ ಜ್ವರ ಬಂದರೆ ಫೋನು ನನಗೇ, ನಾನು ಕ್ಲಾಸಿನಲ್ಲಿರುವಾಗ. ಹೊಸ ವರ್ಷದ ಫಾರಂನಲ್ಲಿ ನನ್ನ ನಂಬರು ಬರೆಯುವ ಜಾಗದಲ್ಲೂ ಅವರದ್ದೇ ಎರಡನೇ ಸಿಮ್ಮಿನ ನಂಬರು ಬರೆಯೋಣ ಅಂತ ಅವರೇ ಹೇಳಿದ್ದಾರೆ.