ಆರು ಫೋರ್ಕು, ಒಂದು ಬಾಚಣಿಗೆ

ನಮ್ಮ ಮನೆಯಲ್ಲಿ ಆರು ಫೋರ್ಕ್ ಇದ್ದವು. ಅದರಲ್ಲಿ ಯಾರಾದರೂ ಊಟ ಮಾಡಿದ್ದನ್ನು ನಾನಂತೂ ನೋಡಿಲ್ಲ. ವರ್ಷಕ್ಕೊಮ್ಮೆ, ಡಿಸೆಂಬರ್ ಮೂರನೇ ವಾರ, ಅವು ಕಪಾಟಿನಿಂದ ಹೊರಗೆ ಬರುತ್ತಿದ್ದವು, ಕಿಡಿಯೊ ಮಾಡಲಿಕ್ಕೆ. ಏಳನೆಯವರು ಕೂತರೆ ಅವರಿಗೆ ಅಂಗಡಿಯಿಂದ ತಂದ ಹೊಸ ಬಾಚಣಿಗೆ. ಎಲ್ಲರಿಗಿಂತ ಚಿಕ್ಕವನು ನಾನು, ಹಾಗಾಗಿ ಬಾಚಣಿಗೆ ಯಾವಾಗಲೂ ನನಗೇ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕಿಡಿಯೊ ಅಂದರೆ ಕೊಂಕಣಿಯಲ್ಲಿ ಹುಳುಗಳು. ಮೈದಾ ಹಿಟ್ಟಿನ ಸಣ್ಣ ಉಂಡೆಯನ್ನು ಫೋರ್ಕಿನ ಬೆನ್ನಿಗೆ ಒತ್ತಿ, ಹೆಬ್ಬೆರಳಿನಲ್ಲಿ ಸುರುಳಿ ಸುತ್ತಿ ಬಿಟ್ಟರೆ ಗೆರೆಗೆರೆಯ ಹುಳುವಿನ ಹಾಗೆಯೇ ಕಾಣುತ್ತದೆ. ಅದನ್ನು ಕರಿದು ಸಕ್ಕರೆ ಪಾಕ ಹಿಡಿಸುವುದು. ಇದರ ಜೊತೆ ಕರ್ಜಿಕಾಯಿಯಂಥ ನೆವ್ರಿ, ಅಚ್ಚಿನಲ್ಲಿ ಕರಿಯುವ ಹೂವಿನಂಥ ಕೊಕ್ಕಿಸಾಂ, ತುಕ್ಡಿ, ಗುಳಿಯೊ, ಎಳ್ಳಿನ ಲಾಡು, ಚಕ್ಕುಲಿ ಎಲ್ಲ ಸೇರಿದರೆ ಕುಸ್ವಾರ್. ಕೇಕೂ ಇರುತ್ತಿತ್ತು. ಆದರೆ ಮಂಗಳೂರಿನ ನಮ್ಮಂಥವರ ಮನೆಯಲ್ಲಿ ಕುಸ್ವಾರ್ ಇಲ್ಲದೆ ಕ್ರಿಸ್ಮಸ್ ಆಗುವುದಿಲ್ಲ, ಕೇಕ್ ಇಲ್ಲದೆಯೂ ಆಗುತ್ತದೆ.

ನಾವಿದ್ದದ್ದು ಕುಲಶೇಖರದಲ್ಲಿ. ಡ್ಯಾಡಿ ಗಲ್ಫಿನಲ್ಲಿ. ಅವರು ತಂದ ಹಾಲುಪುಡಿಯ ದೊಡ್ಡ ಡಬ್ಬಿಗಳಿಗೆ ಕುಸ್ವಾರ್ ತುಂಬಿಸಿ ಮಮ್ಮಿ ಅಟ್ಟಕ್ಕೆ ಏರಿಸುತ್ತಿದ್ದರು. ಇಪ್ಪತ್ತನಾಲ್ಕರ ರಾತ್ರಿ ಚರ್ಚಿನ ಪೂಜೆ ಮುಗಿಸಿ ಬರುವ ತನಕ ಮುಟ್ಟುವ ಹಾಗಿಲ್ಲ. ನಾವು ಮುಟ್ಟುತ್ತಿದ್ದೆವು, ಅದು ಬೇರೆ ವಿಷಯ. ಡಬ್ಬಿಯ ಮುಚ್ಚಳ ತೆಗೆಯುವಾಗ ‘ಟಕ್’ ಅಂತ ಸದ್ದು ಬರುತ್ತಿತ್ತು, ಹಾಗಾಗಿ ಅಣ್ಣ ಒಬ್ಬ ಜೋರಾಗಿ ಕೆಮ್ಮಬೇಕು.

ನಾಲ್ಕು ವರ್ಷದ ಹಿಂದೆ ಮಮ್ಮಿಗೆ ಭುಜದ ನೋವು ಶುರುವಾಯಿತು. ಹಿಟ್ಟು ನಾದಲಿಕ್ಕೆ ಆಗುವುದಿಲ್ಲ ಅಂದರು. ಈಗೆಲ್ಲ ಬೇಕರಿಯಲ್ಲಿ ಕುಸ್ವಾರ್ ಪ್ಯಾಕೆಟ್ ಸಿಗುತ್ತದೆ, ಕೆಟ್ಟದ್ದೇನಲ್ಲ, ತಂದರಾಯಿತು ಅಂತ ಹೆಂಡತಿ ಹೇಳಿದಳು. ನಾನು ಮಾತ್ರ ಜಂಬದಲ್ಲಿ ‘ಮಾಡುತ್ತೇನೆ ಬಿಡು, ಚಿಕ್ಕಂದಿನಿಂದ ಮಾಡಿದ್ದೇನಲ್ಲ’ ಅಂದುಬಿಟ್ಟೆ. ಚಿಕ್ಕಂದಿನಿಂದ ನಾನು ಮಾಡಿದ್ದು ಬಾಚಣಿಗೆಗೆ ಹಿಟ್ಟು ಒತ್ತಿದ್ದು ಅಷ್ಟೇ ಅಂತ ಒಲೆಯ ಮುಂದೆ ನಿಂತಾಗ ಗೊತ್ತಾಯಿತು.

ಮೊದಲ ವರ್ಷ ನೆವ್ರಿ. ಹುರಿದ ಎಳ್ಳು, ಕೊಬ್ಬರಿ, ಹುರಿಗಡಲೆ, ಸಕ್ಕರೆ, ಏಲಕ್ಕಿ, ಗೇರುಬೀಜ, ದ್ರಾಕ್ಷಿ, ಹೂರಣ ಚೆನ್ನಾಗಿಯೇ ಆಗಿತ್ತು. ಅದನ್ನು ಆರಲು ಬಿಡದೆ ಬಿಸಿಬಿಸಿ ಇರುವಾಗಲೇ ತುಂಬಿಸಿದೆ. ಅಂಚು ಅರ್ಧಂಬರ್ಧ ಒತ್ತಿದೆ. ಎಣ್ಣೆಗೆ ಬಿಟ್ಟ ಮೂರನೆಯದ್ದೇ ಬಾಯಿ ಬಿಟ್ಟಿತು. ಒಂದು ನೆವ್ರಿ ಒಡೆದರೆ ಅದೊಂದು ಹೋಯಿತು ಅಂತಲ್ಲ, ಒಳಗಿನ ಎಳ್ಳು, ಸಕ್ಕರೆ ಎಲ್ಲ ಎಣ್ಣೆಗೆ ಬಿದ್ದು ಕರಟಿ, ಮುಂದಿನ ಎಲ್ಲದಕ್ಕೂ ಕಪ್ಪು ಚುಕ್ಕಿ ಹಿಡಿದು ಕಹಿ ಆಗುತ್ತದೆ. ಒಂದೂವರೆ ಲೀಟರ್ ತೆಂಗಿನೆಣ್ಣೆ. ರೇಟು ನಿಮಗೆ ಗೊತ್ತಲ್ಲ. ಮಮ್ಮಿ ಕುರ್ಚಿಯಲ್ಲಿ ಕೂತು ಎಲ್ಲ ನೋಡಿದರು, ಏನೂ ಹೇಳಲಿಲ್ಲ. ಅದು ಬೈದದ್ದಕ್ಕಿಂತ ಜಾಸ್ತಿ ಆಯಿತು.

ಈಗ ಹೂರಣವನ್ನು ಹಿಂದಿನ ದಿನವೇ ಮಾಡಿ ಅಗಲ ತಟ್ಟೆಯಲ್ಲಿ ಹರಡಿ ಇಡುತ್ತೇನೆ. ಅಂಚಿಗೆ ನೀರಿನ ಕೈ ಸವರಿ ಗಟ್ಟಿಯಾಗಿ ಒತ್ತಿ, ಹಲ್ಲಿನ ಚಕ್ರದಲ್ಲಿ ಕತ್ತರಿಸುತ್ತೇನೆ. ಆಮೇಲೆ ಒಡೆದದ್ದು ಕಡಿಮೆ.

ಕಿಡಿಯೊ ಕಲಿಯಲಿಕ್ಕೆ ಎರಡು ವರ್ಷ ಹಿಡಿಯಿತು. ಅರ್ಧ ಕೇಜಿ ಮೈದಾಕ್ಕೆ ಒಂದು ಮೊಟ್ಟೆ, ಚಿಟಿಕೆ ಉಪ್ಪು, ಹಿಡಿಯುವಷ್ಟು ದಪ್ಪ ತೆಂಗಿನಹಾಲು. ಎಷ್ಟು ಮೆತ್ತಗೆ ಅಂತ ಕೇಳಿದರೆ ಮಮ್ಮಿ ತಮ್ಮ ಕಿವಿಯ ಹಾಲೆ ಮುಟ್ಟಿ ತೋರಿಸುತ್ತಾರೆ, ಅದೇ ಅಳತೆ. ಉರಿ ಜೋರು ಮಾಡಿದರೆ ಹೊರಗೆ ಕೆಂಪು, ಒಳಗೆ ಹಸಿ, ಎರಡು ದಿನಕ್ಕೆ ಮೆತ್ತಗಾಗುತ್ತದೆ. ನಿಧಾನ ಉರಿಯೇ ಬೇಕು. ಪಾಕ ಇನ್ನೂ ಕಷ್ಟ. ಬೇಗ ಇಳಿಸಿದರೆ ಕೈಗೆಲ್ಲ ಅಂಟು. ಒಂದೆಳೆ ದಾಟಿ, ಒಂದು ತೊಟ್ಟು ತಣ್ಣೀರಿಗೆ ಬಿಟ್ಟಾಗ ಮೆತ್ತನೆ ಉಂಡೆ ಆಗಬೇಕು. ಆಗ ಕಿಡಿಯೊ ಮೇಲೆ ಸುರಿದು, ನಿಲ್ಲಿಸದೆ ಕೈಯಾಡಿಸುತ್ತಾ ಇದ್ದರೆ ಸಕ್ಕರೆ ಬೆಳ್ಳಗೆ ಕಟ್ಟುತ್ತದೆ. ಮಧ್ಯೆ ಫೋನ್ ಬಂದರೆ ಎತ್ತಬೇಡಿ, ಎಲ್ಲ ಒಂದೇ ಗಡ್ಡೆ ಆಗುತ್ತದೆ. ನನಗೆ ಆಗಿದೆ.

ಕೊಕ್ಕಿಸಾಂ ಮಾತ್ರ ಮೊದಲ ಸಲವೇ ಸರಿ ಬಂತು, ಯಾಕೆಂದರೆ ಅಚ್ಚು ಅಜ್ಜಿಯ ಕಾಲದ್ದು, ಎಣ್ಣೆ ಕುಡಿದು ಕಪ್ಪಾದದ್ದು. ಅಚ್ಚನ್ನು ಎಣ್ಣೆಯಲ್ಲಿ ಚೆನ್ನಾಗಿ ಕಾಯಿಸಿ, ಹಿಟ್ಟಿನಲ್ಲಿ ಮುಕ್ಕಾಲು ಮಾತ್ರ ಮುಳುಗಿಸಬೇಕು. ಪೂರ್ತಿ ಮುಳುಗಿಸಿದರೆ ಹೂವು ಅಚ್ಚು ಬಿಟ್ಟು ಬರುವುದಿಲ್ಲ.

ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ, ನನ್ನ ಮಗಳ ಇಲಾಖೆ. ನಾವು ಚಿಕ್ಕವರಿದ್ದಾಗ ಪಕ್ಕದ ಮನೆಯ ಹಟ್ಟಿಯಿಂದ ಬೈಹುಲ್ಲು ತರುತ್ತಿದ್ದೆವು. 1223ರಲ್ಲಿ ಇಟಲಿಯ ಗ್ರೆಚ್ಚೊ ಊರಿನಲ್ಲಿ ಅಸಿಸ್ಸಿಯ ಸಂತ ಫ್ರಾನ್ಸಿಸ್ ನಿಜವಾದ ಎತ್ತು, ಕತ್ತೆ ನಿಲ್ಲಿಸಿ ಗೋದಲಿ ಮಾಡಿದ್ದರು ಅಂತ ದೊಡ್ಡವನಾದ ಮೇಲೆ ಓದಿದಾಗ ನನಗೆ ನೆನಪಾದದ್ದು ಆ ಹಟ್ಟಿಯ ವಾಸನೆಯೇ. ಆ ಮನೆಯ ಅಣ್ಣ ದೀಪಾವಳಿಗೆ ಗೂಡುದೀಪ ಕಟ್ಟುವುದರಲ್ಲಿ ನಿಸ್ಸೀಮ. ಡಿಸೆಂಬರಿನಲ್ಲಿ ನಮ್ಮ ನಕ್ಷತ್ರಕ್ಕೂ ಬಿದಿರು ಸೀಳಿ ಕೊಡುತ್ತಿದ್ದವರು ಅವರೇ. ‘ಬಾಯಮ್ಮ, ಈ ಸಲ ಐದು ಮೂಲೆಯಾ ಆರಾ?’ ಅಂತ ಮಮ್ಮಿಯನ್ನು ಕೇಳುತ್ತಿದ್ದರು. ಮೈದಾ ಅಂಟು ಕಾಯಿಸಿ ಬಣ್ಣದ ಕಾಗದ ಅಂಟಿಸುವುದು ನಮ್ಮ ಕೆಲಸ.

ಈಗ ಬಿಜೈಯ ಫ್ಲ್ಯಾಟಿನಲ್ಲಿ ಹಟ್ಟಿ ಎಲ್ಲಿಂದ? ಆದರೂ ತೆಂಗಿನ ಗೆರಟೆಯಲ್ಲಿ ಮಣ್ಣು ತುಂಬಿ, ನೆನೆಹಾಕಿದ ರಾಗಿಯನ್ನು ಡಿಸೆಂಬರ್ ಹನ್ನೆರಡಕ್ಕೆ ಬಿತ್ತುತ್ತೇವೆ. ಇಪ್ಪತ್ತನಾಲ್ಕಕ್ಕೆ ನಾಲ್ಕು ಬೆರಳು ಎತ್ತರದ ಹಸಿರು ಹುಲ್ಲು. ನಮ್ಮದು ಬೆಳಕು ಹುಡುಕಿ ಕಿಟಕಿಯ ಕಡೆಗೇ ವಾಲಿರುತ್ತದೆ, ಬೆತ್ಲೆಹೇಮಿನಲ್ಲಿ ಜೋರು ಗಾಳಿ ಬೀಸಿದ ಹಾಗೆ. ಹೋದ ವರ್ಷ ಒಂದು ಕುರಿ ಕಾಣೆಯಾಗಿ, ಅದರ ಜಾಗದಲ್ಲಿ ಹಸಿರು ಡೈನೋಸಾರ್ ನಿಂತಿತ್ತು. ನಾನು ತೆಗೆಯಲಿಲ್ಲ. ಬಾಲ ಯೇಸುವಿನ ಜಾಗ ಮಾತ್ರ ಖಾಲಿ. ಪೂಜೆ ಮುಗಿದ ಮೇಲೆ ಮಮ್ಮಿಯೇ ತಂದು ಮಲಗಿಸಬೇಕು.

ತಟ್ಟೆ ಹಂಚುವ ಕ್ರಮ ಬಿಟ್ಟಿಲ್ಲ. ಮೊಟ್ಟೆ ತಿನ್ನದವರಿಗಾಗಿ ಒಂದು ಪಾಲು ಕಿಡಿಯೊ ಮೊಟ್ಟೆ ಇಲ್ಲದೆ, ಮೊದಲೇ, ಹೊಸ ಎಣ್ಣೆಯಲ್ಲಿ ಕರಿದು ಬೇರೆ ಡಬ್ಬಿಗೆ. ತಟ್ಟೆಗೆ ಮಮ್ಮಿ ಹಿಂದೆ ಹೆಣೆದ ಲೇಸಿನ ಬಟ್ಟೆ ಮುಚ್ಚಿ ಮಗಳು ಮನೆಮನೆಗೆ ಕೊಟ್ಟು ಬರುತ್ತಾಳೆ. ಕುಲಶೇಖರದಲ್ಲಿ ತಟ್ಟೆ ಖಾಲಿ ವಾಪಸ್ ಬಂದದ್ದೇ ಇಲ್ಲ, ಏನಿಲ್ಲದಿದ್ದರೂ ಒಂದು ಹಿಡಿ ಸಕ್ಕರೆ. ಇಲ್ಲಿ ಕೆಲವರ ತಟ್ಟೆಯೇ ವಾಪಸ್ ಬರುವುದಿಲ್ಲ, ನಾವೇ ಹೋಗಿ ತರಬೇಕು.

ಕಳೆದ ಕ್ರಿಸ್ಮಸ್ ರಾತ್ರಿ ಮಮ್ಮಿ ಡಬ್ಬಿಗೆ ಕೈ ಹಾಕಿ ಕಿಡಿಯೊ ಒಂದೊಂದೇ ತಿರುಗಿಸಿ ನೋಡಿದರು. ಕೆಲವದರ ಗೆರೆ ಸಣ್ಣ, ಒತ್ತೊತ್ತಾಗಿ. ‘ಇದು ಬಾಚಣಿಗೆಯದ್ದು. ಯಾರು ಮಾಡಿದ್ದು?’ ಮಗಳು ಕೈ ಎತ್ತಿದಳು. ‘ನಿನ್ನ ಡ್ಯಾಡಿಗಿಂತ ವಾಸಿ’ ಅಂತ ಅದನ್ನೇ ಆರಿಸಿ ತಿಂದರು.

ಈ ವರ್ಷ ಇನ್ನೂ ಆರು ಫೋರ್ಕ್ ತರಬೇಕು. ತಟ್ಟೆ ವಾಪಸ್ ಕೊಡದ ಮೇಲಿನ ಮನೆಯವರು ‘ನಾವೂ ಕೂರುತ್ತೇವೆ’ ಅಂದಿದ್ದಾರೆ.