ಹ್ಯಾಲೋವೀನ್‌ಗೆ ಮಕ್ಕಳನ್ನು ಎಲ್ಲಿಗೆ ಕರೆದೊಯ್ಯೋಣ? ಮೊದಲು ಗಡಿಯಾರ ನೋಡಿ

ಪೋಸ್ಟರ್‌ನಲ್ಲಿ ನಗುವ ಸಿಹಿಗುಂಬಳ, ಪಕ್ಕದಲ್ಲಿ ಕ್ಯಾಂಡಿ ಬುಟ್ಟಿ ಹಿಡಿದ ಪುಟ್ಟ ಹುಡುಗಿ. ಅಷ್ಟು ನೋಡಿ ಅಮ್ಯೂಸ್‌ಮೆಂಟ್ ಪಾರ್ಕಿಗೆ ಟಿಕೆಟ್ ತಗೊಂಡಿದ್ದೆವು. ಅಮೆರಿಕಕ್ಕೆ ಬಂದು ನಮಗದು ಎರಡನೇ ಅಕ್ಟೋಬರ್, ಅಂದರೆ ಎರಡನೇ ಹ್ಯಾಲೋವೀನ್. ತಿಂಗಳ 31ಕ್ಕೆ ಮಕ್ಕಳು ವೇಷ ಹಾಕಿಕೊಂಡು ಮನೆ ಮನೆಗೆ ಹೋಗಿ ಕ್ಯಾಂಡಿ ಕೇಳುವ, ದೆವ್ವ ಭೂತಗಳ ಹಬ್ಬ ಅದು. ಮಗನಿಗೆ ನಾಲ್ಕು ವರ್ಷ, ಮಗಳಿಗೆ ಒಂಬತ್ತು. ಮಧ್ಯಾಹ್ನವೆಲ್ಲ ಚೆನ್ನಾಗಿತ್ತು. ರಾಟವಾಳ ಹತ್ತಿದೆವು, ಡೋನಟ್ ತಿಂದೆವು. ಸಂಜೆ ಆರಾಯಿತು. ಎಲ್ಲಿಂದಲೋ ಸೈರನ್ ಕೂಗಿತು, ದಾರಿ ತುಂಬ ಹೊಗೆ ಬಿಟ್ಟರು. ಮುಖಕ್ಕೆ ಕೆಂಪು ಬಳಿದುಕೊಂಡವನೊಬ್ಬ ಮರ ಕೊಯ್ಯುವ ಮೋಟಾರ್ ಗರಗಸ ಗರ್ ಎನ್ನಿಸುತ್ತಾ ನಮ್ಮತ್ತಲೇ ಓಡಿ ಬಂದ. ನನ್ನ ಕುತ್ತಿಗೆಗೆ ಜೋತುಬಿದ್ದ ಮಗ ಕಾರಿನ ತನಕ ಕೈ ಸಡಿಲಿಸಲಿಲ್ಲ. ಮಗಳು ಮಾತ್ರ ಹಿಂದಿನಿಂದ, "ಅಮ್ಮಾ, ಇನ್ನೊಂದ್ಸಲ ಹೋಗೋಣ" ಎನ್ನುತ್ತಿದ್ದಳು. ಆಮೇಲೆ ಎರಡು ವಾರ ಮನೆಯಲ್ಲಿ ಮಿಕ್ಸಿ ಹಾಕುವ ಹಾಗಿರಲಿಲ್ಲ. ಚಟ್ನಿ ರುಬ್ಬಿದರೆ ಅಳು.

ಪಾರ್ಕಿನವರು ಸಣ್ಣ ಅಕ್ಷರದಲ್ಲಿ ಬರೆದೇ ಇದ್ದರು, ಆರರ ನಂತರ ಚಿಕ್ಕ ಮಕ್ಕಳಿಗೆ ಸರಿಹೋಗುವುದಿಲ್ಲ ಅಂತ. ನಾವು ಜಾಗ ನೋಡಿದ್ದೆವು, ಗಂಟೆ ನೋಡಿರಲಿಲ್ಲ. ಅಲ್ಲಿಂದ ಈಚೆಗೆ ನಮ್ಮ ಮನೆಯಲ್ಲಿ ಅಕ್ಟೋಬರ್ ಪ್ಲಾನ್ ಹೀಗೆ ನಡೆಯುತ್ತದೆ.

ಮೊದಲು ಗಂಟೆ ನೋಡಿ

ಅಮೆರಿಕದ ದೊಡ್ಡ ಪಾರ್ಕುಗಳಲ್ಲಿ ಹಗಲಿನ ಹ್ಯಾಲೋವೀನ್ ಬೇರೆ, ರಾತ್ರಿಯ ಹ್ಯಾಲೋವೀನ್ ಬೇರೆ. ಕ್ಯಾಲಿಫೋರ್ನಿಯಾದ ಬ್ಯೂನಾ ಪಾರ್ಕ್‌ನಲ್ಲಿರುವ ನಾಟ್ಸ್ ಬೆರಿ ಫಾರ್ಮನ್ನೇ ತಗೊಳ್ಳಿ. ಹಗಲಲ್ಲಿ ಅಲ್ಲಿ 'ಸ್ಪೂಕಿ ಫಾರ್ಮ್', ಮೂರರಿಂದ ಹನ್ನೊಂದು ವರ್ಷದ ಮಕ್ಕಳಿಗೆ. ಸಂಜೆ ಅದನ್ನು ಮುಗಿಸಿ, ಬೇರೆ ಟಿಕೆಟ್‌ನಲ್ಲಿ 'ಸ್ಕೇರಿ ಫಾರ್ಮ್' ಶುರು ಮಾಡುತ್ತಾರೆ. 1973ರಿಂದ ನಡೆದು ಬಂದಿರುವ ಅದು ಅಪ್ಪಟ ಭಯದ ಜಾತ್ರೆ. ಎರಡು ಹೆಸರಿಗೂ ಇರುವ ವ್ಯತ್ಯಾಸ ಒಂದೇ ಪದ. ಅವಸರದಲ್ಲಿ ಬುಕ್ ಮಾಡಿದರೆ ಕೆಟ್ಟಿರಿ.

ರಾತ್ರಿಯದ್ದೆಲ್ಲ ಭಯಾನಕ ಅಂತಲೂ ಅಲ್ಲ. ಫ್ಲಾರಿಡಾದ ಡಿಸ್ನಿ ವರ್ಲ್ಡ್‌ನ ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ 'ಮಿಕೀಸ್ ನಾಟ್ ಸೋ ಸ್ಕೇರಿ ಹ್ಯಾಲೋವೀನ್ ಪಾರ್ಟಿ' ಸಂಜೆ ಏಳರಿಂದ ನಡುರಾತ್ರಿಯ ತನಕ ನಡೆಯುತ್ತದೆ. ಹೆಸರೇ ಹೇಳುವ ಹಾಗೆ ಅಷ್ಟೇನೂ ಭಯವಿಲ್ಲ. ಮೆರವಣಿಗೆಗೆ ಮೊದಲು ತಲೆಯಿಲ್ಲದ ಸವಾರನೊಬ್ಬ ಕುದುರೆ ಮೇಲೆ ದೌಡಾಯಿಸಿ ಹೋಗುತ್ತಾನೆ, ಅಷ್ಟೇ. ಆದರೆ ಇದಕ್ಕೂ ಬೇರೆ ಟಿಕೆಟ್, ತಲೆಗೆ 100 ಡಾಲರ್ ದಾಟುತ್ತದೆ. ಮೂರು ವರ್ಷದೊಳಗಿನವರಿಗೆ ಮಾತ್ರ ಟಿಕೆಟ್ ಬೇಡ. ಟಿಕೆಟ್ ಇದ್ದವರನ್ನು ಸಂಜೆ ನಾಲ್ಕಕ್ಕೇ ಒಳಗೆ ಬಿಡುತ್ತಾರೆ. ಒಂಬತ್ತಕ್ಕೆ ನಿದ್ದೆಗೆ ಜಾರುವ ಮಗುವಿಗೆ ಅಷ್ಟು ದುಡ್ಡು ಸುರಿಯಬೇಕಾ ಅನ್ನುವುದು ನಿಮಗೆ ಬಿಟ್ಟದ್ದು. ನನ್ನನ್ನು ಕೇಳಿದರೆ ಆರು ವರ್ಷದ ಕೆಳಗೆ ಬೇಡ.

ಅದೇ ಫ್ಲಾರಿಡಾದ ಒರ್ಲಾಂಡೋದಲ್ಲಿ 1991ರಿಂದ ನಡೆಯುತ್ತಿರುವ ಯೂನಿವರ್ಸಲ್‌ನ 'ಹ್ಯಾಲೋವೀನ್ ಹಾರರ್ ನೈಟ್ಸ್' ಹದಿಮೂರರ ಕೆಳಗಿನವರಿಗೆ ತಕ್ಕದ್ದಲ್ಲ ಅಂತ ಅವರೇ ಎಚ್ಚರಿಕೆ ಕೊಡುತ್ತಾರೆ. ವೇಷ, ಮುಖವಾಡ ಹಾಕಿಕೊಂಡು ಬಂದರೆ ಒಳಗೂ ಬಿಡುವುದಿಲ್ಲ. ಬಂದವರ್ಯಾರು, ಹೆದರಿಸುವ ನಟರ್ಯಾರು ಅಂತ ಗೊತ್ತಾಗಬೇಕಲ್ಲ!

ವಯಸ್ಸಿಗಿಂತ ಮಗು ಮುಖ್ಯ

ನನ್ನದೊಂದು ಹುಲಿವೇಷದ ಪರೀಕ್ಷೆ ಇದೆ. ಊರಿಗೆ ಹೋದಾಗ ನವರಾತ್ರಿಯಲ್ಲಿ ತಾಸೆ ಬಡಿಯುತ್ತಾ ಹುಲಿವೇಷ ಬಂತು ಅಂದುಕೊಳ್ಳಿ. ನಿಮ್ಮ ಮಗು ಏನು ಮಾಡುತ್ತದೆ? ಸೆರಗಿನೊಳಗೆ ಮುಖ ಮುಚ್ಚಿಕೊಳ್ಳುತ್ತಾ? ಕೈ ಹಿಡಿದುಕೊಂಡು ದೂರದಿಂದ ನೋಡುತ್ತಾ? ಹೋಗಿ ಬಾಲ ಮುಟ್ಟಿ ಬರುತ್ತಾ? ಹುಲಿವೇಷ ನೋಡದ ಮಗುವಾದರೆ, ಮಾಲ್‌ನಲ್ಲಿ ಕೂತ ಸಾಂಟಾ ತಾತನ ಮುಂದೆ ಏನು ಮಾಡಿತ್ತು ನೆನಪಿಸಿಕೊಳ್ಳಿ. ಕೆಲವರಿಗೆ ಮುಖವಾಡದ ಭಯ, ಕೆಲವರಿಗೆ ಸದ್ದಿನದು, ಕೆಲವರಿಗೆ ಕತ್ತಲಿನದು. ನನ್ನ ಮಗನಿಗೆ ದೆವ್ವದ ಚಿತ್ರ ತೋರಿಸಿದರೆ ನಗುತ್ತಾನೆ, ಮೋಟಾರಿನ ಸದ್ದಾದರೆ ಮುಗಿಯಿತು.

ಎರಡು ವರ್ಷದ ಒಳಗಿನವರಿಗೆ ಹ್ಯಾಲೋವೀನ್ ಅನ್ನುವುದೇ ಇಲ್ಲ, ಅದೆಲ್ಲ ನಮ್ಮ ಫೋಟೋದ ಆಸೆ. ಸಿಹಿಗುಂಬಳದ ಹೊಲಕ್ಕೆ ಬೆಳಗ್ಗೆ ಹತ್ತಕ್ಕೆ ಹೋಗಿ, ಕುಂಬಳಕಾಯಿ ಪಕ್ಕ ಕೂರಿಸಿ, ನಾಲ್ಕು ಫೋಟೋ ತೆಗೆದು ನಿದ್ದೆ ಹೊತ್ತಿಗೆ ಮನೆಗೆ ಬನ್ನಿ.

ಮೂರರಿಂದ ಐದು ವರ್ಷ ನಾಜೂಕಿನ ಕಾಲ. ಅಪ್ಪನೇ ಮುಖವಾಡ ಹಾಕಿಕೊಂಡರೂ ಈ ವಯಸ್ಸಿನ ಮಗುವಿಗೆ ಅಪ್ಪ ಮಾಯವಾಗಿ ಬೇರೆ ಯಾರೋ ಬಂದು ನಿಂತ ಹಾಗೆ. ಸುಳ್ಳು, ನಿಜ ಇನ್ನೂ ಪೂರ್ತಿ ಬೇರೆಯಾಗಿರುವುದಿಲ್ಲ. ಇವರಿಗೆ ಮೃಗಾಲಯಗಳ 'ಬೂ ಅಟ್ ದ ಜೂ' ಒಳ್ಳೆಯದು. ಇಲ್ಲಿನ ಬಹಳಷ್ಟು ಊರುಗಳಲ್ಲಿ ಇದು ಇದ್ದೇ ಇರುತ್ತದೆ. ಪ್ರಾಣಿಗಳು ಹೇಗೂ ಪರಿಚಿತ, ಜೊತೆಗೆ ಕ್ಯಾಂಡಿ. ಇನ್ನೊಂದು 'ಟ್ರಂಕ್ ಆರ್ ಟ್ರೀಟ್'. ಶಾಲೆ ಅಥವಾ ಚರ್ಚಿನ ಪಾರ್ಕಿಂಗ್ ಜಾಗದಲ್ಲಿ ಕಾರುಗಳನ್ನು ಸಾಲಾಗಿ ನಿಲ್ಲಿಸಿ, ಡಿಕ್ಕಿ ತೆರೆದು ಅಲಂಕರಿಸಿ ಅಲ್ಲಿಂದಲೇ ಕ್ಯಾಂಡಿ ಹಂಚುತ್ತಾರೆ. ರಸ್ತೆ ದಾಟುವ ತಾಪತ್ರಯ ಇಲ್ಲ, ಬೆಳಕಿರುವಾಗಲೇ ಮುಗಿಯುವುದೂ ಉಂಟು. ಲೈಬ್ರರಿಗಳ ಕಥೆ ಹೇಳುವ ಕಾರ್ಯಕ್ರಮ ಪುಕ್ಕಟೆ, ಮೇಲಾಗಿ ಬೆಚ್ಚಗೆ.

ಆರರಿಂದ ಎಂಟರ ಮಕ್ಕಳಿಗೆ ಯಾವುದು ಆರಿಸಿದರೂ ತಪ್ಪಾಗುವುದು ಕಡಿಮೆ. ಟ್ರ್ಯಾಕ್ಟರ್ ಟ್ರೈಲರ್‌ನಲ್ಲಿ ಹುಲ್ಲಿನ ಪೆಂಡಿ ಮೇಲೆ ಕೂರಿಸಿ ಹೊಲ ಸುತ್ತಿಸುವ ಹೇರೈಡ್, ಮುಸುಕಿನ ಜೋಳದ ಹೊಲದಲ್ಲಿ ದಾರಿ ಕೊರೆದ ಕಾರ್ನ್ ಮೇಜ್ ಎಲ್ಲ ಇವರಿಗೇ ಮಾಡಿದ ಹಾಗಿದೆ. ಹಳ್ಳಿಯಲ್ಲಿ ಬೆಳೆದ ನಮ್ಮೆಜಮಾನರು ಮೊದಲ ಸಲ ಹೇರೈಡಿನ ದುಡ್ಡು ಕೊಡುವಾಗ, "ಎತ್ತಿನ ಗಾಡೀಲಿ ಹುಲ್ಲಿನ ಮೇಲೆ ಕೂತು ಬಂದಿದ್ದಕ್ಕೆ ನಮ್ಮಪ್ಪ ಬೈತಿದ್ರು" ಎಂದು ಗೊಣಗಿದ್ದು ನನಗಿನ್ನೂ ನೆನಪಿದೆ.

ನ್ಯೂಯಾರ್ಕ್ ಕಡೆ ಇದ್ದರೆ ಕ್ರೋಟನ್ ಆನ್ ಹಡ್ಸನ್‌ನ ವ್ಯಾನ್ ಕೋರ್ಟ್‌ಲ್ಯಾಂಡ್ ಮ್ಯಾನರ್‌ನಲ್ಲಿ ನಡೆಯುವ 'ದ ಗ್ರೇಟ್ ಜ್ಯಾಕ್ ಓ ಲ್ಯಾಂಟರ್ನ್ ಬ್ಲೇಜ್' ನೋಡಲೇಬೇಕು. 2005ರಲ್ಲಿ ಶುರುವಾದದ್ದು. ಕೈಯಲ್ಲಿ ಕೆತ್ತಿದ 7,000ಕ್ಕೂ ಹೆಚ್ಚು ಕುಂಬಳಕಾಯಿಗಳು ಕತ್ತಲಲ್ಲಿ ಒಳಗಿನಿಂದ ಬೆಳಗುತ್ತವೆ. ನಡೆದುಕೊಂಡು ನೋಡುತ್ತಾ ಹೋಗುವುದು, ಯಾರೂ ಮೈಮೇಲೆ ಹಾರುವುದಿಲ್ಲ. ಒಳಗೆ ಹೋಗುವ ಹೊತ್ತನ್ನು ಟಿಕೆಟ್‌ನಲ್ಲೇ ನಮೂದಿಸಿರುತ್ತಾರೆ, ಅದಕ್ಕೆ ಮೊದಲೇ ಬುಕ್ ಮಾಡಿ. ಅಂದಹಾಗೆ, ಈ ಕುಂಬಳಕಾಯಿ ಮುಖ ಕಂಡು ನಮ್ಮವರು ಅಷ್ಟು ಬೆರಗಾಗುವುದು ಬೇಡ. ಕಟ್ಟುತ್ತಿರುವ ಮನೆಗೆ ದೃಷ್ಟಿ ತಾಗದಿರಲಿ ಅಂತ ಬೂದುಗುಂಬಳಕ್ಕೆ ಕೋರೆಹಲ್ಲು, ಮೀಸೆ ಬರೆದು ನೇತು ಹಾಕುವವರು ನಾವು.

ಒಂಬತ್ತರಿಂದ ಹನ್ನೆರಡರವರದ್ದೇ ತಲೆನೋವು. ಹಗಲಲ್ಲಿ "ನಾನೇನ್ ಹೆದರಲ್ಲ", ರಾತ್ರಿ ಎರಡಕ್ಕೆ ದಿಂಬು ಸಮೇತ ನಮ್ಮ ಮಂಚಕ್ಕೆ. ಇವರಿಗೆ ಬೇಕಾಗಿರುವುದು ಗೆಳೆಯರ ಜೊತೆ ಸ್ವಲ್ಪ ಹೆದರುವ ಮಜಾ. ಸಂಜೆ ಟಾರ್ಚ್ ಹಿಡಿದು ಕಾರ್ನ್ ಮೇಜ್ ಹೊಕ್ಕರೆ ಸಾಕು. ಇಲ್ಲಾಂದ್ರೆ ನ್ಯೂಯಾರ್ಕ್‌ನ ಸ್ಲೀಪಿ ಹಾಲೋಗೆ ಕರೆದುಕೊಂಡು ಹೋಗಿ. ತಲೆಯಿಲ್ಲದ ಸವಾರನ ಕಥೆ ಹುಟ್ಟಿದ ಜಾಗ. ಮೊದಲು ಆ ಊರಿನ ಹೆಸರು ನಾರ್ತ್ ಟ್ಯಾರಿಟೌನ್, ಕಥೆಯ ಹೆಸರನ್ನೇ ಊರಿಗೆ ಇಟ್ಟುಕೊಂಡದ್ದು 1996ರಲ್ಲಿ. ಅಲ್ಲಿನ ಹಳೇ ಸ್ಮಶಾನದಲ್ಲಿ ಹಗಲಲ್ಲೇ ಓಡಾಡಿದರೂ ಮಕ್ಕಳ ದನಿ ತಾನಾಗೇ ತಗ್ಗುತ್ತದೆ.

ಹದಿಮೂರಾದ ಮೇಲೆ ಹಾರರ್ ನೈಟ್ಸ್ ಆಗಬಹುದು. ಗೇಟಿನ ತನಕ ಒಬ್ಬರು ದೊಡ್ಡವರು, ಫೋನ್ ಚಾರ್ಜ್ ಪೂರ್ತಿ, ವಾಪಸ್ ಬರುವ ಹೊತ್ತು ಪಕ್ಕಾ. ಜಾಸ್ತಿ ಹೇಳಿದರೆ ಕೇಳುವ ವಯಸ್ಸೂ ಅಲ್ಲ.

ಫೋನ್ ಮಾಡಿ ಮೂರೇ ಪ್ರಶ್ನೆ ಕೇಳಿ

'ಫ್ಯಾಮಿಲಿ ಫ್ರೆಂಡ್ಲಿ' ಅಂತ ಎಲ್ಲರೂ ಬರೆಯುತ್ತಾರೆ. ಸುಮ್ನೆ ನಂಬಬೇಡಿ. ವೇಷ ಹಾಕಿದ ನಟರು ಮೇಲೆ ಹಾರಿ ಹೆದರಿಸುತ್ತಾರಾ, ಅಟ್ಟಿಸಿಕೊಂಡು ಬರುತ್ತಾರಾ? ಮಧ್ಯದಲ್ಲಿ ಭಯವಾದರೆ ಹೊರಗೆ ಹೋಗಲು ದಾರಿ ಇದೆಯಾ? ಎಷ್ಟು ಗಂಟೆಯಿಂದ ಜೋರಾಗುತ್ತದೆ? ಈ ಮೂರಕ್ಕೆ ಸರಿಯಾದ ಉತ್ತರ ಸಿಕ್ಕರೆ ಸಾಕು. ಸದ್ದು, ಗದ್ದಲ ತಡೆಯದ ಮಕ್ಕಳಿದ್ದರೆ ಕಡಿಮೆ ಸದ್ದು, ಕಡಿಮೆ ಜನ ಇರುವ ವೇಳೆ ಬೇರೆ ಇಟ್ಟಿದ್ದಾರಾ ಅಂತಲೂ ಕೇಳಿ. ಎಷ್ಟೋ ಕಡೆ ಇಡುತ್ತಾರೆ, ಕೇಳದೆ ಹೇಳುವುದಿಲ್ಲ.

ದಾರಿಯ ಲೆಕ್ಕ ಹಾಕಿ

ಎಷ್ಟೋ ಸಲ ಮಗುವಿನ ಅಳುವಿಗೆ ಕಾರಣ ಭಯವೇ ಅಲ್ಲ, ಟ್ರಾಫಿಕ್. ಕ್ಯಾಲಿಫೋರ್ನಿಯಾದ ಹಾಫ್ ಮೂನ್ ಬೇನಲ್ಲಿ ಅಕ್ಟೋಬರ್ ಎರಡನೇ ಸೋಮವಾರ ಕುಂಬಳಕಾಯಿ ತೂಗುವ ಸ್ಪರ್ಧೆ, ಆ ವಾರಾಂತ್ಯ ಹಬ್ಬ. 2023ರಲ್ಲಿ ಅಲ್ಲಿ ಗೆದ್ದ ಕಾಯಿ 2,749 ಪೌಂಡ್, ಅಂದರೆ ಸುಮಾರು 1,247 ಕಿಲೋ. ಆಗ ಅದೇ ವಿಶ್ವದಾಖಲೆ. ಒಂದು ಸಣ್ಣ ಕಾರಿನಷ್ಟು ತೂಕದ ಕುಂಬಳಕಾಯಿ ಯಾವ ಮಗುವಿಗೆ ಬೇಡ? ಆದರೆ ಊರಿಗೆ ಇಳಿಯುವ 92ನೇ ಹೆದ್ದಾರಿ ಹಬ್ಬದ ದಿನ ಹೆಪ್ಪುಗಟ್ಟಿರುತ್ತದೆ. ಸೂರ್ಯ ಹುಟ್ಟುವ ಹೊತ್ತಿಗೇ ಹೊರಟು ಬಿಡಿ.

ಮ್ಯಾಸಚೂಸೆಟ್ಸ್‌ನ ಸೇಲಂ ಕೂಡ ಅಷ್ಟೇ. ಇಡೀ ಅಕ್ಟೋಬರ್ ಅಲ್ಲಿ ಜಾತ್ರೆ. ಕಾರು ಬಿಟ್ಟು ಬಾಸ್ಟನ್‌ನಿಂದ ರೈಲಿನಲ್ಲಿ ಹೋಗಿ, ಅರ್ಧ ಗಂಟೆಯ ದಾರಿ. ಇಲ್ಲಿಗೆ ಪುಟ್ಟವರನ್ನು ನಾನು ಕರೆದೊಯ್ಯುವುದಿಲ್ಲ. 1692ರಲ್ಲಿ ಮಾಟಗಾತಿ ವಿಚಾರಣೆಯ ಹೆಸರಲ್ಲಿ 19 ಜನರನ್ನು ಗಲ್ಲಿಗೇರಿಸಿದ ಕಥೆ ಅಲ್ಲಿ ಹೆಜ್ಜೆಹೆಜ್ಜೆಗೂ ಸಿಗುತ್ತದೆ. ಹನ್ನೆರಡು ದಾಟಿದ, ಪ್ರಶ್ನೆ ಕೇಳುವ ಮಕ್ಕಳಿಗೆ ಅದು ಒಳ್ಳೆಯ ಊರು.

ಅಣ್ಣ ತಮ್ಮ, ಅಕ್ಕ ತಂಗಿ ಬೇರೆ ಬೇರೆ ವಯಸ್ಸಿನವರಾದರೆ

ಒಟ್ಟಿಗೆ ಹೋಗುವ ಜಾಗವನ್ನು ಚಿಕ್ಕವರಿಗೆ ತಕ್ಕ ಹಾಗೆ ಆರಿಸಿ, ದೊಡ್ಡವರಿಗೆ ಬೇರೆ ಒಂದು ಸಂಜೆ ಕೊಡಿ. ನಮ್ಮಲ್ಲಿ ಮಗನ ಜೊತೆ ಮೃಗಾಲಯಕ್ಕೆ ಎಲ್ಲರೂ ಹೋಗುತ್ತೇವೆ. ಇನ್ನೊಂದು ಶುಕ್ರವಾರ ಮಗಳು ಅಪ್ಪನ ಜೊತೆ ತನ್ನ ಭಯದ ಮನೆಗೆ ಹೋಗಿ ಬರುತ್ತಾಳೆ. "ತಮ್ಮನಿಗಾಗಿ ಸ್ವಲ್ಪ ಅಡ್ಜಸ್ಟ್ ಮಾಡ್ಕೋ ಪುಟ್ಟಿ" ಅನ್ನುವುದನ್ನು ಎರಡು ವರ್ಷ ಮಾಡಿ ನೋಡಿದೆ, ಕೆಲಸ ಮಾಡಲಿಲ್ಲ.

ವೇಷ

ಮುಖವಾಡಕ್ಕಿಂತ ಮುಖದ ಬಣ್ಣ ವಾಸಿ, ದಾರಿ ಕಾಣುತ್ತದೆ. ಬಣ್ಣವನ್ನು ಹಿಂದಿನ ದಿನ ಕೈಗೆ ಹಚ್ಚಿ ತುರಿಕೆ ಬರುತ್ತಾ ನೋಡಿ. ಬಟ್ಟೆ ಪಾದದ ಮೇಲೆ ನಿಲ್ಲಲಿ, ಕೆಳಗೆ ಎಳೆದಾಡಿದರೆ ಎಡವುತ್ತಾರೆ. ಒಳಗೆ ಥರ್ಮಲ್ ಹಾಕುವಷ್ಟು ಸಡಿಲ ಇರಲಿ, ಅಕ್ಟೋಬರ್ ಕೊನೆಯ ಚಳಿ ತಮಾಷೆಯಲ್ಲ. ಹೋಗುವ ಕಡೆ ಆಯುಧಕ್ಕೆ ಅನುಮತಿ ಇದೆಯಾ ಕೇಳಿ. ನನ್ನ ಮಗಳು ಒಂದು ವರ್ಷ ಒನಕೆ ಓಬವ್ವ ಆಗಿದ್ದಳು. ಕಚ್ಚೆ ಸೀರೆ, ದೊಡ್ಡ ಕುಂಕುಮ, ರಟ್ಟು ಸುತ್ತಿ ಮಾಡಿದ ಒನಕೆ. ಶಾಲೆಯ ಮೆರವಣಿಗೆಗೆ ಒನಕೆ ತರುವ ಹಾಗಿಲ್ಲ ಅಂದರು. ಒನಕೆ ಇಲ್ಲದ ಓಬವ್ವ ದಿನವಿಡೀ ಎಲ್ಲರಿಗೂ ತಾನು ಯಾರು ಅಂತ ವಿವರಿಸಬೇಕಾಯಿತು.

31ರ ರಾತ್ರಿ

ಮನೆ ಮನೆಗೆ ಹೋಗುವುದೂ ಒಂದು ಕಾರ್ಯಕ್ರಮವೇ, ಅದಕ್ಕೂ ಗಂಟೆ ನೋಡಬೇಕು. ನಾವಿರುವ ನ್ಯೂಜೆರ್ಸಿಯಲ್ಲಿ ಅವತ್ತು ಸೂರ್ಯ ಆರಕ್ಕೆ ಮೊದಲೇ ಮುಳುಗುತ್ತಾನೆ. ಐದು ವರ್ಷದೊಳಗಿನವರನ್ನು ನಾಲ್ಕೂವರೆಗೆ ಹೊರಡಿಸಿ, ಗೊತ್ತಿರುವ ಆರು ಮನೆ ಸಾಕು. ದೊಡ್ಡವರು ಕತ್ತಲಾದ ಮೇಲೆ ಹೋಗಲಿ, ಟಾರ್ಚ್ ಇರಲಿ, ಫುಟ್‌ಪಾತ್ ಬಿಡದಿರಲಿ. ಬಾಗಿಲ ಲೈಟ್ ಹಾಕಿದ್ದರೆ ಬನ್ನಿ ಅಂತ, ಆರಿಸಿದ್ದರೆ ಬೇಡ ಅಂತ ಅರ್ಥ. ನಮ್ಮ ಊರುಗಳಲ್ಲಿ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆಯುತ್ತಿದ್ದರಲ್ಲ, ಇದು ಬರೆಯದ 'ನಾಳೆ ಬಾ'. ಕಾಲಿಂಗ್ ಬೆಲ್ ಒತ್ತಬೇಡಿ.

ಕಳೆದ ಸಲ ಹಾಸನದಿಂದ ಬಂದಿದ್ದ ನಮ್ಮತ್ತೆ ಬಾಗಿಲಲ್ಲಿ ಕೂತು ಹಂಚಿದರು. ಒಂದೊಂದೇ ಕೊಡಿ ಅತ್ತೆ ಅಂದರೆ, "ಮನೆ ಬಾಗಿಲಿಗೆ ಬಂದ ಮಕ್ಕಳಿಗೆ ಒಂದಾ? ಸಂಕ್ರಾಂತೀಲಿ ಎಳ್ಳು ಕೂಡ ಹಂಗೆ ಕೊಡಲ್ಲ ಕಣಮ್ಮ" ಎಂದು ಬೊಗಸೆ ಬೊಗಸೆ ಸುರಿದರು. ಅರ್ಧ ಗಂಟೆಗೆ ಡಬ್ಬ ಖಾಲಿ. ಕೊಬ್ಬರಿ ಮಿಠಾಯಿ ತರಲು ಎದ್ದವರನ್ನು ತಡೆಯುವಷ್ಟರಲ್ಲಿ ಸಾಕಾಯಿತು. ಮನೆಯಲ್ಲಿ ಮಾಡಿದ್ದನ್ನು ಇಲ್ಲಿ ಕೊಡುವ ಹಾಗಿಲ್ಲ, ಸೀಲ್ ಆದ ಪೊಟ್ಟಣವೇ ಆಗಬೇಕು. ಕಡಲೆಕಾಯಿ, ಬೀಜಗಳ ಅಲರ್ಜಿ ಇರುವ ಮಕ್ಕಳು ಬಹಳ. ಬಾಗಿಲಲ್ಲಿ ನೀಲಿ ಹಸಿರು ಬಣ್ಣದ ಕುಂಬಳಕಾಯಿ ಕಂಡರೆ ಆ ಮನೆಯಲ್ಲಿ ಪೆನ್ಸಿಲ್, ಸ್ಟಿಕರ್ ಥರದ ತಿನ್ನದ ವಸ್ತುಗಳೂ ಇವೆ ಎಂದರ್ಥ. ನಿಮ್ಮ ಮಗುವಿಗೇ ಅಲರ್ಜಿ ಇದ್ದರೆ ಅಂಥ ಮನೆ ಹುಡುಕಿ. ನಾಲ್ಕರ ಕೆಳಗಿನವರ ಬುಟ್ಟಿಯಿಂದ ಗಟ್ಟಿ ಕ್ಯಾಂಡಿ ತೆಗೆದುಬಿಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ಮಾರನೇ ದಿನ ಅಂಗಡಿಗಳಲ್ಲಿ ಉಳಿದ ವೇಷಗಳು ಅರ್ಧ ಬೆಲೆಗೆ ಬರುತ್ತವೆ. ಮುಂದಿನ ವರ್ಷದ್ದನ್ನು ಆಗಲೇ ತಗೊಳ್ಳಿ, ಒಂದು ಸೈಜ್ ದೊಡ್ಡದು. ನಾವಂತೂ ನವೆಂಬರ್ 1ಕ್ಕೆ ಓಬವ್ವನ ಸೀರೆಗೆ ಇಸ್ತ್ರಿ ಹಾಕುತ್ತೇವೆ, ಕನ್ನಡ ಕೂಟದ ರಾಜ್ಯೋತ್ಸವ ಇರುತ್ತದಲ್ಲ. ಅಲ್ಲಿ ಒನಕೆಗೆ ಯಾರ ಅಡ್ಡಿಯೂ ಇಲ್ಲ.