ಹೆರ್ಜಲ್ ಗುಡ್ಡಕ್ಕೆ ಸೈನಿಕರ ಮಣ್ಣಿಗೆ ಹೋಗುವಾಗ

ಇಸ್ರೇಲಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ ಮಾಡುವ ನಮ್ಮವರಿಗಾಗಿ ಇದನ್ನು ಬರೆಯುತ್ತಿದ್ದೇನೆ. 2023ರ ಅಕ್ಟೋಬರ್‌ನ ಹಮಾಸ್ ದಾಳಿ ಆದಮೇಲೆ ನಮ್ಮಲ್ಲಿ ಹಲವರು ಯಾರೋ ಒಬ್ಬ ಸೈನಿಕನ ಮಣ್ಣಿಗೆ, ಜೆರುಸಲೇಮಿನ ಹೆರ್ಜಲ್ ಗುಡ್ಡದ ಸೇನಾ ಸ್ಮಶಾನಕ್ಕೆ, ಗಾಲಿಕುರ್ಚಿ ತಳ್ಳಿಕೊಂಡು ಹೋಗಿದ್ದೇವೆ. ಮೊದಲ ಸಲ ಎಲ್ಲಿ ನಿಲ್ಲಬೇಕು, ಏನು ಮುಟ್ಟಬಾರದು, ನನಗೆ ಒಂದೂ ಗೊತ್ತಿರಲಿಲ್ಲ. ನಾನು ನೋಡಿಕೊಳ್ಳುವ ಸಾಬಾ 1973ರ ಯುದ್ಧದಲ್ಲಿ ಸೇನೆಯ ರಬ್ಬಿಗಳ, ಅಂದರೆ ಯಹೂದಿ ಧರ್ಮಗುರುಗಳ ಜೊತೆಗಿದ್ದವರು. ಸತ್ತವರನ್ನು ಹುಡುಕಿ ತರುವುದೇ ಅವರ ಕೆಲಸವಾಗಿತ್ತು. ಸಾಬಾ ಅಂದರೆ ಇಲ್ಲಿಯವರ ಮಾತಿನಲ್ಲಿ ಅಜ್ಜ. ಅವರು ಹೇಳಿಕೊಟ್ಟಿದ್ದೇ ಇದರಲ್ಲಿ ಜಾಸ್ತಿ.

ಸುದ್ದಿ ಬಂದ ತಕ್ಷಣ ಹೊರಡಲು ಸಿದ್ಧರಾಗಿ. ಹೆಣವನ್ನು ರಾತ್ರಿ ಉಳಿಸಿಕೊಳ್ಳಬಾರದು ಅನ್ನುವುದು ಯಹೂದಿ ಧರ್ಮದ ಹಳೆಯ ಕಟ್ಟಳೆ. ಬೆಳಿಗ್ಗೆ ಸುದ್ದಿ ಬಂದರೆ ಸಂಜೆಗೇ ಮಣ್ಣು ಇರಬಹುದು. ಹೊರದೇಶದಲ್ಲಿರುವ ಅಣ್ಣನೋ ತಂಗಿಯೋ ಬರಬೇಕಿದ್ದರೆ ಕಾಯುತ್ತಾರೆ. ಅದು ಸತ್ತವನಿಗೆ ಕೊಡುವ ಗೌರವ. ಶಬ್ಬತ್ ದಿನ, ಅಂದರೆ ಶುಕ್ರವಾರ ಸಂಜೆಯಿಂದ ಶನಿವಾರ ಸಂಜೆಯ ತನಕ, ಮಣ್ಣು ಮಾಡುವುದಿಲ್ಲ.

ಕೆಲವು ಸಲ ವಾರಗಟ್ಟಲೆ ತಡವಾಗುತ್ತದೆ. ಆಗ "ಯಾಕೆ ಇಷ್ಟು ದಿನ?" ಅಂತ ಮನೆಯವರನ್ನು ಕೇಳಬೇಡಿ. ಗುರುತು ಖಚಿತವಾಗದೆ ರಬ್ಬಿಗಳು ಸಹಿ ಹಾಕುವುದಿಲ್ಲ, ಹಾಕಲೂಬಾರದು. ಗಂಡ ಸತ್ತಿದ್ದು ಖಚಿತವಾಗದಿದ್ದರೆ ಹೆಂಡತಿ 'ಅಗುನಾ' ಆಗುತ್ತಾಳೆ. ಅಂದರೆ ಕಟ್ಟಿಹಾಕಲ್ಪಟ್ಟವಳು, ಇನ್ನೊಂದು ಮದುವೆ ಆಗುವಂತಿಲ್ಲ. ಮೂಗು ಸಮೇತ ಮುಖ ಕಂಡರೆ ಮಾತ್ರ ಸಾಕ್ಷಿ ಹೇಳಬಹುದು ಅಂತ ಯಹೂದಿಗಳ ಹಳೆಯ ಧರ್ಮಶಾಸ್ತ್ರ ಮಿಶ್ನಾದಲ್ಲೇ ಇದೆ. ಈಗ ಹಲ್ಲು, ಬೆರಳಚ್ಚು, ಡಿಎನ್‌ಎ ನೋಡುತ್ತಾರೆ. 2023ರಲ್ಲಿ ರಾಮ್ಲಾ ಹತ್ತಿರದ ಶೂರಾ ಸೇನಾ ನೆಲೆಯಲ್ಲಿ ಈ ಕೆಲಸ ಹಗಲೂ ರಾತ್ರಿ ನಡೆಯಿತು. ಸುಟ್ಟ ಮನೆಗಳ ಬೂದಿ ಜರಡಿ ಹಿಡಿಯಲು ಪುರಾತತ್ವ ಇಲಾಖೆಯವರೂ ಬಂದರು. 1968ರಲ್ಲಿ ದಕಾರ್ ಅನ್ನುವ ಜಲಾಂತರ್ಗಾಮಿ 69 ಜನರ ಸಮೇತ ಮುಳುಗಿತು. ಒಂದು ಹೆಣವೂ ಸಿಗಲಿಲ್ಲ. ಸೇನೆಯ ಮುಖ್ಯ ರಬ್ಬಿಯಾಗಿದ್ದ ಶ್ಲೋಮೊ ಗೊರೆನ್ ಆ ಹೆಂಡತಿಯರಿಗೆ ಮರುಮದುವೆಗೆ ದಾರಿ ಮಾಡಿಕೊಟ್ಟರು. ದಕಾರ್ ಪತ್ತೆಯಾಗಿದ್ದು 1999ರಲ್ಲಿ. ಅಷ್ಟು ವರ್ಷ ಆ ಹೆಂಗಸರು ಹಾಗೇ ಕಾಯಬೇಕಿತ್ತಾ? ಕಾನೂನು ಗೊತ್ತಿದ್ದ ಒಬ್ಬರು ಧೈರ್ಯ ಮಾಡಿದ್ದಕ್ಕೆ ಅವರ ಬದುಕು ಉಳಿಯಿತು ಅಂತ ಸಾಬಾ ಹೇಳುತ್ತಾರೆ. ನನಗೂ ಹಾಗೇ ಅನ್ನಿಸುತ್ತದೆ.

ಪೆಟ್ಟಿಗೆ ಮುಚ್ಚಿರುತ್ತದೆ. ಮುಖ ನೋಡಲು ಸಿಗುವುದಿಲ್ಲ, ಕೇಳಲೂಬೇಡಿ. ಸಾಮಾನ್ಯವಾಗಿ ಸತ್ತವರಿಗೆ ಸ್ನಾನ ಮಾಡಿಸಿ ಬಿಳಿ ಬಟ್ಟೆ ಸುತ್ತುತ್ತಾರೆ. ಗಾಯದಿಂದ ರಕ್ತ ಸುರಿದು ಸತ್ತವನನ್ನು ತೊಳೆಯುವುದಿಲ್ಲ. ಜೀವ ಹೋಗುವಾಗ ಸುರಿದ ರಕ್ತವೂ ಅವನೇ. ಅದಕ್ಕೆ ಹಾಕಿಕೊಂಡ ಬಟ್ಟೆಯಲ್ಲೇ, ರಕ್ತ ಹೀರಿದ ಮಣ್ಣಿನ ಸಮೇತ ಹೂಳುತ್ತಾರೆ. 1973ರಲ್ಲಿ ಸಾಬಾ ಸಿನಾಯ್ ಮರಳಿನಲ್ಲಿ ಮಂಡಿಯೂರಿ, ಚಿಕ್ಕ ಕೈಸಲಿಕೆಯಲ್ಲಿ ಕಪ್ಪಾದ ಮರಳನ್ನು ಕೆರೆದು ಚೀಲಕ್ಕೆ ತುಂಬುತ್ತಿದ್ದರಂತೆ. ಬಿಳಿ ಮರಳು ಕಾಣುವ ತನಕ ಕೆರೆಯಬೇಕು. ಇದನ್ನು ಹೇಳುವಾಗ ಈಗಲೂ ಅವರ ಬಲಗೈ ಮಡಿಲ ಮೇಲೆ ತಾನಾಗಿ ಆಡುತ್ತದೆ. ಆ ಯುದ್ಧದಲ್ಲಿ ಹಲವರನ್ನು ಮೊದಲು ತಾತ್ಕಾಲಿಕ ಜಾಗದಲ್ಲಿ ಹೂತಿದ್ದರು. ಒಮ್ಮೆ ಹೂತವರನ್ನು ಸುಮ್ನೆ ತೆಗೆಯುವಂತಿಲ್ಲ. "ಮುಂದೆ ಬೇರೆ ಕಡೆ ಕರೆದೊಯ್ಯುತ್ತೇವೆ" ಅಂತ ಮೊದಲೇ ಷರತ್ತು ಇಟ್ಟು ಹೂತರೆ ತೆಗೆಯಬಹುದು.

ಹೊರಡುವ ಮುಂಚೆ ಒಂದು ಮಾತು ಕೇಳಿ: ನಿಮ್ಮ ಅಜ್ಜ ಕೋಹೆನ್ ಮನೆತನದವರಾ, ಅಂದರೆ ಹಳೆಯ ಪುರೋಹಿತರ ವಂಶದವರಾ? ಹೌದಾದರೆ ಗೋರಿಗಳ ನಡುವೆ ಕುರ್ಚಿ ತಳ್ಳಬೇಡಿ. ತಂದೆ, ತಾಯಿ, ಹೆಂಡತಿ, ಮಕ್ಕಳು, ಅಣ್ಣತಮ್ಮ, ಮದುವೆಯಾಗದ ತಂಗಿ, ಇಷ್ಟು ಜನಕ್ಕೆ ಬಿಟ್ಟರೆ ಕೋಹೆನ್ ಹೆಣದ ಹತ್ತಿರ ಹೋಗುವಂತಿಲ್ಲ. ಮೊಮ್ಮಗ ಆ ಪಟ್ಟಿಯಲ್ಲಿಲ್ಲ. ಒಬ್ಬ ಮುದುಕರು ಮೊಮ್ಮಗನ ಮಣ್ಣಿಗೆ ಬಂದು ಹೊರಗಿನ ದಾರಿಯಲ್ಲೇ ನಿಂತಿದ್ದನ್ನು ಕಂಡಿದ್ದೇನೆ. ದೂರದಿಂದ ಕೇಳಿಸಿದ ಪ್ರತಿ ಪ್ರಾರ್ಥನೆಗೂ ತುಟಿ ಅಲ್ಲಾಡಿಸುತ್ತಿದ್ದರು. ಅಂಥವರ ಪಕ್ಕದಲ್ಲೇ ನಿಲ್ಲಿ, ಒಬ್ಬರನ್ನೇ ಬಿಟ್ಟು ಒಳಗೆ ಹೋಗಬೇಡಿ.

ಗಂಡಸರು ತಲೆ ಮುಚ್ಚಿರಬೇಕು. ನೀರಿನ ಬಾಟಲಿ ಒಂದು ಜಾಸ್ತಿ ಇಟ್ಟುಕೊಳ್ಳಿ. ಗುಂಡಿಯ ಹತ್ತಿರದ ಜಾಗ ಮನೆಯವರಿಗೆ, ನೀವು ಹಿಂದೆ ನಿಲ್ಲಿ. ರಬ್ಬಿ ಬಂದು ಹತ್ತಿರದವರ ಅಂಗಿ ಹರಿಯುತ್ತಾರೆ. ಸತ್ತವರು ಅಪ್ಪ ಅಥವಾ ಅಮ್ಮ ಆಗಿದ್ದರೆ ಎಡಗಡೆ, ಬೇರೆಯವರಾದರೆ ಬಲಗಡೆ. ಬಟ್ಟೆ ಹರಿಯುವ ಆ ಸದ್ದಿಗೆ ಅಮ್ಮಂದಿರು ಕುಸಿಯುತ್ತಾರೆ. ಬಾವುಟ ತೆಗೆದು ಪೆಟ್ಟಿಗೆ ಇಳಿಸಿದ ಮೇಲೆ ಎಲ್ಲರೂ ಸಲಿಕೆ ಹಿಡಿಯುತ್ತಾರೆ. ಇಲ್ಲೇ ನಾನು ತಪ್ಪು ಮಾಡಿದ್ದು. ಪಕ್ಕದವರ ಕೈಯಿಂದ ಸಲಿಕೆ ತೆಗೆದುಕೊಳ್ಳಲು ಕೈ ಚಾಚಿದೆ. ಅವರು ಮೆಲ್ಲಗೆ ತಲೆ ಅಲ್ಲಾಡಿಸಿ ಅದನ್ನು ನೆಲಕ್ಕೆ ಚುಚ್ಚಿದರು. ಸಲಿಕೆ ಕೈಯಿಂದ ಕೈಗೆ ದಾಟಬಾರದು, ದುಃಖ ಒಬ್ಬರಿಂದ ಒಬ್ಬರಿಗೆ ದಾಟಬಾರದು ಅಂತ. ನೆಲದಿಂದಲೇ ಎತ್ತಿಕೊಳ್ಳಿ, ನೆಲದಲ್ಲೇ ಬಿಡಿ.

ಸತ್ತವರಿಗಾಗಿ ಕದ್ದೀಶ್ ಪ್ರಾರ್ಥನೆ ಹೇಳುವಾಗ ಎಲ್ಲರ ಜೊತೆ 'ಆಮೆನ್' ಅಂದರೆ ಸಾಕು. ಸಾಮಾನ್ಯವಾಗಿ ಮೂರು ಸುತ್ತು ಗುಂಡು ಹಾರಿಸುತ್ತಾರೆ. ಸೈನಿಕರು ಬಂದೂಕು ಎತ್ತಿದ್ದು ಕಂಡ ಕೂಡಲೇ ಅಜ್ಜನ ಕೈ ಹಿಡಿದುಕೊಳ್ಳಿ. ಯುದ್ಧ ನೋಡಿದವರಿಗೆ ಆ ಸದ್ದು ಬೇರೆಯೇ. ಹೊರಗೆ ಬಂದ ಮೇಲೆ ಬಾಟಲಿ ನೀರಿನಿಂದ ಅವರ ಎರಡೂ ಕೈ ತೊಳೆಸಿ.

ಮಣ್ಣಾದ ಮೇಲೆ ಶಿವಾ, ಏಳು ದಿನದ ಸೂತಕ. ಹೆಣ ಸಿಗದಿದ್ದರೆ ಮನೆಯವರು ಆಸೆ ಬಿಟ್ಟ ದಿನದಿಂದ ಎಣಿಕೆ. ಬಾಗಿಲು ತೆರೆದಿರುತ್ತದೆ, ತಟ್ಟಬೇಡಿ. 'ಶಾಲೋಮ್' ಅನ್ನಬೇಡಿ. ಅವರು ಮಾತಾಡುವ ತನಕ ಸುಮ್ಮನೆ ಕೂತಿರಿ. ಏನಾದರೂ ಒಯ್ಯುವುದಾದರೆ ಊಟ ಒಯ್ಯಿರಿ. ಊಟದ ನಂತರದ ಪ್ರಾರ್ಥನೆಯಲ್ಲಿ ಒಂದು ಕಡೆ ಸಾಬಾ ನಿಧಾನಿಸುತ್ತಾರೆ. ಹಿಂದಿನ ಕಾಲದಲ್ಲಿ ರೋಮನ್ನರು ಬೈತಾರ್ ಕೋಟೆಯಲ್ಲಿ ಕೊಂದ ಯಹೂದಿಗಳನ್ನು ಹೂಳಲು ಬಹಳ ಕಾಲ ಬಿಡಲಿಲ್ಲವಂತೆ. ಕೊನೆಗೆ ಮಣ್ಣು ಸಿಕ್ಕಿದ ದಿನದ ನೆನಪಿಗೆ ಯಾವ್ನೆ ಅನ್ನುವ ಊರಿನ ಧರ್ಮಪಂಡಿತರು ಆ ಸಾಲು ಸೇರಿಸಿದರು. ಪ್ರತಿ ಊಟದಲ್ಲೂ ಅದನ್ನು ಹೇಳುತ್ತಾರೆ, ಅಲ್ವಾ, ಮದುವೆ ಊಟದಲ್ಲೂ.

ಮೂವತ್ತನೇ ದಿನದ ಹೊತ್ತಿಗೆ ಮತ್ತೆ ಕರೆದೊಯ್ಯಿರಿ. ಅಷ್ಟರಲ್ಲಿ ಕಲ್ಲು ಹಾಕಿರುತ್ತಾರೆ, ದೊಡ್ಡ ಅಧಿಕಾರಿಗೂ ಸಾದಾ ಸೈನಿಕನಿಗೂ ಒಂದೇ ಥರದ್ದು. ಹೂವು ತರುವವರು ಇದ್ದಾರೆ. ಸಾಬಾ ಬೆಣಚುಕಲ್ಲು ಇಡುತ್ತಾರೆ. ಅದನ್ನು ಮನೆಯಿಂದಲೇ ಅವರ ಜೇಬಿಗೆ ಹಾಕಿ ಕಳಿಸಿ, ಕುರ್ಚಿಯಿಂದ ಬಗ್ಗಿ ನೆಲದ ಕಲ್ಲು ಎತ್ತಿಕೊಳ್ಳಲು ಅವರಿಗೆ ಆಗುವುದಿಲ್ಲ.